ಒಡೆದ ಚಕ್ರದ ಎರಡು ಫೋಟೋ

ವಿಮೆ ಕಂಪನಿಯ ಸರ್ವೇಯರ್ ಮಾಟುಂಗಾದ ನನ್ನ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಾಗ ನಾನು ಒಬ್ಬ ಮದುಮಗನ ಮುಖದ ಮೇಲಿನ ಸಿಡುಬಿನ ಕಲೆಗಳನ್ನು ಮುಚ್ಚುತ್ತಿದ್ದೆ. ಗಾಜಿನ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ಮೆಲ್ಲಗೆ ಚುಕ್ಕಿ ಇಡುವ ಕೆಲಸ ಅದು. ಅವರು ನಮಸ್ಕಾರ ಹೇಳುವ ಮೊದಲೇ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಕಲಿ ಅಳಸಾಕ ಬರ್ತೈತಿ ಅಂದ್ರ ಕಲಿ ಮೂಡಸಾಕೂ ಬರ್ತಿರಬೇಕಲ್ರೀ?" ಎಂದರು.

"ಬರ್ತೈತ್ರಿ. ಆದ್ರ ಮದುಮಗನ ಮಾರಿ ಮ್ಯಾಲೆ ಮೂಡಸ್ರಿ ಅಂತ ಯಾರೂ ಹೇಳೂದಿಲ್ಲ" ಎಂದೆ.

ಅವರು ನಗಲಿಲ್ಲ. ಬೆಳಗಾವಿ ಕಡೆಯವರು, ಸಣ್ಣಗಿದ್ದರು, ಮಾತು ಮುಗಿದ ಮೇಲೂ ಎದುರಿಗಿದ್ದವನ ಮುಖ ನೋಡುತ್ತಲೇ ಇರುವ ಸ್ವಭಾವ. ಕೆಲಸ ಏನೆಂದು ನಿಂತುಕೊಂಡೇ ಹೇಳಿದರು. ಕುರ್ಲಾದ ಒಂದು ವರ್ಕ್‌ಶಾಪಿನಲ್ಲಿ ಬೆಲ್ಟ್ ಓಡಿಸುವ ಎರಕದ ಕಬ್ಬಿಣದ ಚಕ್ರ, ತಿರುಗುತ್ತಿರುವಾಗಲೇ ಒಡೆದಿದೆ. ಅದರ ತುಂಡು ಹಾರಿ ಲೇಥ್ ಕೆಲಸಗಾರನ ಭುಜದ ಮೂಳೆ ಮುರಿದಿದೆ. ಜಾರಿದ ಬೆಲ್ಟನ್ನು ಮೇಲೆ ಹತ್ತಿಸಲು ಅವನು ಓಡುವ ಚಕ್ರಕ್ಕೆ ಕಬ್ಬಿಣದ ರಾಡ್ ಒತ್ತಿ ಹಿಡಿದುಕೊಟ್ಟ, ಅದಕ್ಕೇ ಒಡೆಯಿತು, ತಪ್ಪು ಅವನದೇ ಎಂದು ಮಾಲೀಕರು ಬರೆದುಕೊಟ್ಟು ಅವನನ್ನು ಕೆಲಸದಿಂದ ತೆಗೆದಿದ್ದಾರೆ. ಸರ್ವೇಯರಿಗೆ ಮಾತ್ರ ಅದು ಹಳೆಯ ಬಿರುಕು ಎಂಬ ಗುಮಾನಿ.

"ಹೊಸದಾಗಿ ಒಡದ ಕಬ್ಬಿಣ ಸಕ್ಕರಿ ಗಟ್ಟಿ ಮುರದಂಗ ಹೊಳೀತೈತಿ. ಹಳೇ ಬಿರುಕ ಇದ್ರ ಒಳಗ ಎಣ್ಣಿ, ಧೂಳ ಇಳದು ಅಷ್ಟ ಭಾಗ ಮಾತ್ರ ಕಪ್ಪಾಗಿರ್ತೈತಿ. ಆ ಒಡದ ಮುಖದ ಫೋಟೋ ಬೇಕು ನನಗ" ಎಂದರು.

ಕ್ಯಾಮೆರಾ ಪೆಟ್ಟಿಗೆ, ಸ್ಟ್ಯಾಂಡು, ಕಪ್ಪು ಬಟ್ಟೆ ಹೊತ್ತುಕೊಂಡು ಲೋಕಲ್ ಹಿಡಿದು ಕುರ್ಲಾಕ್ಕೆ ಹೋದೆ. ವರ್ಕ್‌ಶಾಪಿನ ಮಾಡಿನ ಕೆಳಗೆ ಈ ತುದಿಯಿಂದ ಆ ತುದಿಗೆ ಒಂದು ಉದ್ದನೆಯ ಶಾಫ್ಟ್ ತಿರುಗುತ್ತಿತ್ತು. ಅದರ ಒಂದು ತುದಿಯ ಚಕ್ರವೇ ಒಡೆದದ್ದು. ಅಲ್ಲಿ ಹೊಸದು ಹಾಕಿ ಆಗಿತ್ತು. ಇನ್ನೊಂದು ತುದಿಯಲ್ಲಿ ಅದರ ಜೋಡಿ, ಒಂದೇ ಕಡೆ ಒಂದೇ ಸಲ ಎರಕ ಹೊಯ್ದದ್ದು, ಹಾಗೇ ಓಡುತ್ತಿತ್ತು. ಅದರ ಕೆಳಗೆ ಕೆಲಸಗಾರನೊಬ್ಬ ಬೆನ್ನು ಹಾಕಿ ನಿಂತು ಬೋಲ್ಟು ಕೊರೆಯುತ್ತಿದ್ದ. ಮಾಲೀಕರು ಅಲ್ಲೇ ಇದ್ದರು. ನನ್ನ ಮರದ ಕ್ಯಾಮೆರಾ ನೋಡಿ, "ಯೇ ತೋ ಮ್ಯೂಸಿಯಂ ಕಾ ಮಾಲ್ ಹೈ" ಎಂದು ನಕ್ಕರು.

ಒಡೆದ ತುಂಡನ್ನು ಕಿಟಕಿಯ ಹತ್ತಿರದ ಬೆಂಚಿಗೆ ತರಿಸಿಕೊಂಡೆ. ಫ್ಲ್ಯಾಶ್ ನನ್ನ ಬಳಿ ಇರಲಿಲ್ಲ. ಕಿಟಕಿಯ ಬೆಳಕು ಒಡೆದ ಮುಖದ ಮೇಲೆ ಓರೆಯಾಗಿ ಬೀಳುವಂತೆ ತುಂಡನ್ನು ತಿರುಗಿಸಿ, ಮೇಲಿನಿಂದ ಬೀಳುವ ಬೆಳಕಿಗೆ ಗೋಣಿಚೀಲ ಅಡ್ಡ ಕಟ್ಟಿದೆ. ಸಣ್ಣ ವಸ್ತು, ಹತ್ತಿರದಿಂದ ತೆಗೆಯಬೇಕು. ಅದಕ್ಕಾಗಿ ಬೆಲ್ಲೋಸನ್ನು, ಅಂದರೆ ಲೆನ್ಸಿಗೂ ಹಿಂದಿನ ಪ್ಲೇಟಿಗೂ ನಡುವಿನ ಮಡಿಕೆ ಮಡಿಕೆಯ ಚರ್ಮದ ಚೀಲವನ್ನು, ಇದ್ದಷ್ಟೂ ಉದ್ದಕ್ಕೆ ಎಳೆಯಬೇಕಾಯಿತು. ಕಪ್ಪು ಬಟ್ಟೆಯೊಳಗೆ ತಲೆ ಹಾಕಿ, ಗಾಜಿನ ಮೇಲೆ ತಲೆಕೆಳಗಾಗಿ ಮೂಡಿದ ಚಿತ್ರವನ್ನು ಅಂಚು ಅಂಚಾಗಿ ಸ್ಪಷ್ಟಗೊಳಿಸಿದೆ. ಲೆನ್ಸಿನ ಮುಚ್ಚಳ ತೆಗೆದು ಮನಸ್ಸಿನಲ್ಲೇ ಎಣಿಸಿ ಮತ್ತೆ ಮುಚ್ಚಿದೆ. ಶಾಫ್ಟಿನ ನಡುಕ ನೆಲಕ್ಕೂ ಬರುತ್ತಿತ್ತು. ಊಟದ ಬಿಡುವಿನಲ್ಲಿ ಎಲ್ಲ ನಿಂತ ಮೇಲೆ ಇನ್ನೊಂದು ಪ್ಲೇಟು ತೆಗೆದೆ. ಅದೇ ಒಳ್ಳೆಯದು ಬಂತು.

ಪ್ರಿಂಟಿನಲ್ಲಿ ಒಡೆದ ಮುಖದ ಮೇಲರ್ಧ ಬೆಳ್ಳಗೆ, ಕಣಕಣವಾಗಿ ಇತ್ತು. ಕೆಳಗಿನ ಭಾಗ ಕಪ್ಪು. ಸರ್ವೇಯರ್ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಚೀಲಕ್ಕೆ ಹಾಕಿಕೊಂಡು ಹೋದರು. ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡೆ.

ಮುಂದಿನ ವಾರ ಅವರು ಮತ್ತೆ ಬಂದರು. ಈ ಸಲ ಮೇಜಿನ ಮೇಲೆ ಎರಡು ಫೋಟೋ ಇಟ್ಟರು. ಒಂದು ನನ್ನದು. ಇನ್ನೊಂದು ಮಾಲೀಕರು ತೆಗೆಸಿದ್ದು, ಕೋಟೆ, ಅಂದರೆ ಫೋರ್ಟ್ ಭಾಗದ ಒಬ್ಬ ದೊಡ್ಡ ಸ್ಟುಡಿಯೋದವನಿಂದ, ಎರಡು ಲೆನ್ಸಿನ ಜರ್ಮನ್ ಕ್ಯಾಮೆರಾದಿಂದ, ಫ್ಲ್ಯಾಶ್ ಹಾಕಿ. ಅದೇ ತುಂಡು, ಅದೇ ಬೆಂಚು. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾದದ್ದು ನಿಜ. ಕಬ್ಬಿಣದ ಒಂದೊಂದು ಕಣವೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಆದರೆ ಮೇಲಿನಿಂದ ಕೆಳಗಿನವರೆಗೆ ಒಡೆದ ಮುಖ ಪೂರ್ತಿ ಬೆಳ್ಳಗಿತ್ತು. ಕಪ್ಪು ಎಲ್ಲಿಯೂ ಇರಲಿಲ್ಲ.

"ನಿಮ್ಮದು ಹಳೇ ಡಬ್ಬಿ, ಮೂಲಿ ಕಪ್ಪ ಹೊಡೀತೈತಿ ಅಂತಾರ ಅವ್ರು. ಇಲ್ಲಾಂದ್ರ ಕತ್ತಲಿ ಖೋಲ್ಯಾಗ ನೀವ ಏನರ ಮಾಡೀರಿ ಅಂತಾರ" ಎಂದರು ಸರ್ವೇಯರ್.

"ಆ ತುಂಡ ಐತಲ್ರೀ? ತಂದು ನೋಡೂಣಲ್ಲ?"

"ಇಲ್ಲ. ಗುಜರಿ ಕಬ್ಬಿಣದ ಕೂಡ ಫೌಂಡ್ರಿಗೆ ಹೋಗೈತಿ. ಕರಗೇ ಹೋತಂತ."

"ನೀವು ಕಣ್ಣಾರೆ ನೋಡೀರಿ. ಹೇಳಾಕ ಬರೂದಿಲ್ಲೇನು?"

"ನೋಡೀನಿ. ಕಪ್ಪಿತ್ತು. ಆದ್ರ ಬಿರುಕ ಹಳೇದಾದ್ರ ಮಾಲೀಕರ ನಿಷ್ಕಾಳಜಿ ಆಗ್ತೈತಿ, ಆವಾಗ ವಿಮೆ ರೊಕ್ಕ ಕೊಡೂದು ತಪ್ಪಿ ಲಾಭ ನಮ್ಮ ಕಂಪನಿಗೆ. ನನ್ನ ಮಾತು ಯಾರ ನಂಬತಾರ?" ಎಂದು ಹೇಳಿ, ಮೊದಲ ದಿನ ನೋಡಿದ ಹಾಗೆಯೇ ನನ್ನ ಮುಖ ನೋಡಿದರು. "ನೀವು ಏನೂ ಮಾಡಿಲ್ಲಲ್ರೀ?"

ಇಲ್ಲ ಎಂದೆ. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ನನಗೂ ಅವರ ಮೇಲೆ ಪೂರ್ತಿ ನಂಬಿಕೆ ಉಳಿಯಲಿಲ್ಲ. ಕಪ್ಪು ಕಲೆ ಬೇಕಾಗಿದ್ದದ್ದು ಅವರಿಗೆ. ಕಲೆ ಮೂಡಿಸಲು ಬರುತ್ತದೆಯೇ ಎಂದು ಕೇಳಿಯೇ ಅವರು ನನಗೆ ಈ ಕೆಲಸ ಕೊಟ್ಟಿದ್ದರು. ಕೋಟೆಯವನನ್ನು ಮಾಲೀಕರು ಕೊಂಡುಕೊಂಡಿದ್ದಾರೆ ಎಂದು ಒಮ್ಮೆ ಅನ್ನಿಸಿದರೆ, ನನ್ನನ್ನೇ ಈ ಮನುಷ್ಯ ಬಳಸಿಕೊಳ್ಳುತ್ತಿದ್ದಾರೆ ಎಂದು ಇನ್ನೊಮ್ಮೆ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಕ್ಯಾಮೆರಾವನ್ನು ಬಿಲ್ಡಿಂಗಿನ ಟೆರೇಸಿಗೆ ಒಯ್ದೆ. ಒಣಹಾಕುವ ಹಗ್ಗದ ಮೇಲೆ ಬಿಳಿ ಚಾದರ ಹರಡಿ, ಬೆಲ್ಲೋಸನ್ನು ಕುರ್ಲಾದಲ್ಲಿ ಎಳೆದಷ್ಟೇ ಉದ್ದಕ್ಕೆ ಎಳೆದು ಒಂದು ಪ್ಲೇಟು ತೆಗೆದೆ. ಏನೂ ಕಾಣಿಸದ ಬರೀ ಬಿಳುಪು ಬರಬೇಕಿತ್ತು. ಪ್ರಿಂಟ್ ತೊಳೆದು ನೋಡಿದರೆ ಕೆಳಗಿನ ಅಂಚಿನ ಉದ್ದಕ್ಕೂ ಒಂದು ಕಪ್ಪು ನೆರಳು. ಬೆಲ್ಲೋಸಿನ ಚರ್ಮ ಹಳತಾಗಿ ನಡುವೆ ಜೋತು ಬಿದ್ದು, ಬೆಳಕಿಗೆ ಅಡ್ಡ ಬರುತ್ತಿತ್ತು. ಮದುವೆ ಫೋಟೋಗಳಿಗೆ ಅಷ್ಟು ಉದ್ದ ಎಳೆಯುವ ಪ್ರಸಂಗವೇ ಬರುವುದಿಲ್ಲ, ಹಾಗಾಗಿ ನನಗೆ ಅದು ಗೊತ್ತೇ ಆಗಿರಲಿಲ್ಲ.

ಆ ಪ್ರಿಂಟನ್ನು ಕೈಯಲ್ಲಿ ಹಿಡಿದು ಚಾದರದ ಪಕ್ಕದಲ್ಲೇ ಕುಳಿತೆ. ನನ್ನ ಫೋಟೋದಲ್ಲಿ ಕಪ್ಪು ಇದ್ದದ್ದೂ ಕೆಳಗೇ. ಅದರಲ್ಲಿ ಕಬ್ಬಿಣದ್ದೆಷ್ಟು, ಕ್ಯಾಮೆರಾದ್ದೆಷ್ಟು? ಕಲೆಯ ಅಂಚು ಮಸುಕಾಗಿ ಒಂದರೊಳಗೊಂದು ಬೆರೆತುಹೋಗಿತ್ತು. ಬೆಂಚಿನ ಮೇಲಿದ್ದ ತುಂಡನ್ನು ನೆನಪಿಗೆ ತಂದುಕೊಳ್ಳಲು ಎಷ್ಟು ಹೆಣಗಿದರೂ ಆಗಲಿಲ್ಲ. ಬೆಳಕು ಎಲ್ಲಿಂದ ಬಿತ್ತು, ಗೋಣಿಚೀಲ ಹೇಗೆ ಕಟ್ಟಿದೆ ಎಲ್ಲ ನೆನಪಿತ್ತು. ಕಬ್ಬಿಣ ಕಪ್ಪಿತ್ತೇ ಎಂಬುದು ಮಾತ್ರ ಇಲ್ಲ. ನಾನು ಅದನ್ನು ನೋಡಿದ್ದು ಗಾಜಿನ ಮೇಲೆ ತಲೆಕೆಳಗಾಗಿ, ಆಗಲೂ ಫೋಕಸ್ ಸರಿಯಿದೆಯೇ ಎಂದು ಮಾತ್ರ.

ಪೆಟ್ಟಾದವನನ್ನೇ ಕೇಳೋಣವೆಂದು ಕುರ್ಲಾದಲ್ಲಿ ಅವನಿದ್ದ ಒಂಟಿಕೋಣೆ ಮನೆಗಳ ಚಾಳಿಗೆ ಹೋದೆ. ವಿಜಯಪುರದ ಕಡೆಯವನು. ಭುಜದಿಂದ ಎದೆಯವರೆಗೆ ಬ್ಯಾಂಡೇಜು ಸುತ್ತಿಕೊಂಡು ಗೋಡೆಗೆ ಒರಗಿ ಕುಳಿತಿದ್ದ. ನಾನು ಮಾಲೀಕರ ವಕೀಲರ ಕಡೆಯವನೆಂದು ತಿಳಿದು ಮೊದಲು ಮುಖ ತಿರುಗಿಸಿದ. ಫೋಟೋದವನು ಎಂದು ಗೊತ್ತಾದ ಮೇಲೆ ಕೂರಲು ಚಾಪೆ ತೋರಿಸಿದ.

"ಚಕ್ರದಾಗ ಬಿರುಕ ಇತ್ತೇನಪಾ?" ಎಂದು ಕೇಳಿದೆ.

"ಬಿರುಕ ನಾ ನೋಡಿಲ್ರೀ. ಮ್ಯಾಲ ಇರ್ತದ, ತಿರಗತಿರ್ತದ. ಒಂದ ಟಿಕ್ ಟಿಕ್ ಅಂತ ಸಪ್ಪಳ ಬರತಿತ್ತು. ಕೆಲಸ ಮಾಡಸೂ ಮುಕಾದಮನಿಗೆ ಹೇಳಿದ್ದೆ. ಬೆಲ್ಟಿನ ಸಪ್ಪಳ ಅಂದ."

"ರಾಡ್ ಕೊಟ್ಟಿದ್ದು ಖರೇನ?"

ಅವನು ತಲೆ ಬಗ್ಗಿಸಿದ. "ಖರೇರಿ. ಎಲ್ಲಾರೂ ಕೊಡತಾರ. ಮಷೀನ್ ನಿಲ್ಲಿಸಿದ್ರ ಬೈತಾರ. ಆದ್ರ ಅವತ್ತ ರಾಡ್ ನನ್ನ ಕೈಯಾಗ ಇತ್ತಲ್ರೀ."

ಸಪ್ಪಳದ ಮಾತು ನಿಜವೋ, ತಪ್ಪಿಸಿಕೊಳ್ಳಲು ಈಗ ಹುಟ್ಟಿಸಿದ್ದೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಯಾರ ಮಾತನ್ನೂ ಇದ್ದ ಹಾಗೆ ತೆಗೆದುಕೊಳ್ಳಲು ನನಗೆ ಆಗುತ್ತಿರಲಿಲ್ಲ. ಸ್ಟೇಷನ್ನಿಗೆ ಹೋಗುವಾಗ ವರ್ಕ್‌ಶಾಪಿನ ಬಾಗಿಲ ಮುಂದೆ ಹಾದೆ. ಜೋಡಿ ಚಕ್ರ ಓಡುತ್ತಲೇ ಇತ್ತು. ಬೋಲ್ಟು ಕೊರೆಯುವವನು ಅದರ ಕೆಳಗೆ ಮೊದಲಿನಂತೆಯೇ ನಿಂತಿದ್ದ. ಒಳಗಿನ ಗದ್ದಲದಲ್ಲಿ ಟಿಕ್ ಎಂಬ ಸದ್ದಿದೆಯೇ ಎಂದು ಕಿವಿಗೊಟ್ಟೆ. ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ ಅನ್ನುವ ಹಾಗಿತ್ತು.

ಚಾದರದ ಫೋಟೋ ಹರಿದು ಹಾಕಿ ಸುಮ್ಮನಿದ್ದರೆ ಕೇಳುವವರು ಇರಲಿಲ್ಲ. ನನ್ನ ಫೋಟೋವನ್ನೇ ಕೊನೆಯವರೆಗೂ ಸಮರ್ಥಿಸಿಕೊಳ್ಳಬಹುದಿತ್ತು. ಹಾಗೆ ಮಾಡಿದರೆ ಹಳೇ ಡಬ್ಬಿಯ ಮಾತಿಗೂ ಜರ್ಮನ್ ಯಂತ್ರದ ಮಾತಿಗೂ ಜಗಳ ನಡೆಯುತ್ತಿತ್ತು, ಗೆಲ್ಲುವುದು ಯಾವುದೆಂದು ಗೊತ್ತೇ ಇತ್ತು. ಕೋಟೆಯವನ ಫೋಟೋದಲ್ಲಿ ಏನು ಮೋಸವಿದೆ ಎಂದು ತಿಳಿಯಬೇಕಾದರೆ ಅವನ ನೆಗೆಟಿವ್ ನೋಡಬೇಕು. ನೋಡಲು ಅವನು ಬಿಡಬೇಕು. ನನ್ನದನ್ನು ಮುಚ್ಚಿಟ್ಟುಕೊಂಡು ಅವನದನ್ನು ತೋರಿಸು ಎನ್ನುವುದು ಹೇಗೆ? ಚಾದರದ ಪ್ರಿಂಟನ್ನೂ ನನ್ನ ಪ್ಲೇಟನ್ನೂ ಒಂದು ಲಕೋಟೆಗೆ ಹಾಕಿಕೊಂಡು ಕೋಟೆಗೆ ಹೊರಟೆ.

ಅವನ ಸ್ಟುಡಿಯೋಕ್ಕೆ ಗಾಜಿನ ಬಾಗಿಲು, ಒಳಗೆ ಫ್ಯಾನು. ಮಂಗಳೂರಿನವನು, ನನ್ನದೇ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ನಾನು ಯಾರೆಂದು ಹೇಳಿದ ಕೂಡಲೇ ಮುಖ ಬಿಗಿದುಕೊಂಡಿತು.

"ನೀವೆಂತ ನನ್ನ ಫೋಟೋ ಸುಳ್ಳು ಅಂತ ಹೇಳ್ಲಿಕ್ಕೆ ಬಂದದ್ದಾ? ಈ ಲೆನ್ಸ್ ಎಂತದ್ದು ಗೊತ್ತುಂಟಾ ನಿಮಗೆ? ಇದು ಇದ್ದದ್ದನ್ನು ಇದ್ದ ಹಾಗೆ ತೋರಿಸ್ತದೆ ಮಾರಾಯ್ರೆ. ಪೆನ್ಸಿಲ್ ಹಾಕ್ಲಿಕ್ಕೆ ಇದರ ನೆಗೆಟಿವಿನಲ್ಲಿ ಜಾಗವೇ ಇಲ್ಲ."

"ಲೆನ್ಸ್ ಒಳ್ಳೇದಿರಬಹುದು. ಬೆಳಕು ಎಲ್ಲಿಂದ ಬೀಳಬೇಕು ಅಂತ ಲೆನ್ಸ್ ಹೇಳ್ತದೇನ್ರೀ?" ನನ್ನ ದನಿಯೂ ಏರಿತು.

"ಒಳ್ಳೆ ಕ್ಯಾಮೆರಾ ಇಲ್ಲದವರು ಹೇಳುವ ಮಾತು ಇದು."

"ಕ್ಯಾಮೆರಾ ಬಿಟ್ರ ಬೇರೇನೂ ಇಲ್ಲದವ್ರು ಆಡೂ ಮಾತು ಅದು."

ಇನ್ನೊಂದು ಮಾತು ಆಡಿದ್ದರೆ ಅವನು ಹೊರಗೆ ಹಾಕುತ್ತಿದ್ದ. ನಾನು ಲಕೋಟೆ ಬಿಚ್ಚಿ ಚಾದರದ ಪ್ರಿಂಟನ್ನು ಅವನ ಮುಂದಿಟ್ಟೆ. "ನನ್ನ ಕ್ಯಾಮೆರಾ ಕೆಳಗಿನ ಅಂಚು ಕಪ್ಪ ಮಾಡ್ತದ. ನಾನ ಪರೀಕ್ಷೆ ಮಾಡಿ ನೋಡೀನಿ. ಇದನ್ನ ಇನ್ನೂ ಯಾರಿಗೂ ತೋರಿಸಿಲ್ಲ. ಈಗ ನಿಮ್ಮದನ್ನ ತೋರಿಸ್ರಿ."

ಅವನು ಪ್ರಿಂಟನ್ನು ನೋಡಿದ, ನನ್ನನ್ನು ನೋಡಿದ, ಇದರಲ್ಲಿ ಯಾವ ಬಲೆ ಇದೆ ಎಂದು ಹುಡುಕುವವನ ಹಾಗೆ. ನನ್ನ ಪ್ಲೇಟನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ಪರೀಕ್ಷಿಸಿದ. ಪೆನ್ಸಿಲಿನ ಗುರುತು ಸಿಗಲಿಲ್ಲ. ಕೊನೆಗೆ ಒಳಗೆ ಹೋಗಿ ಫಿಲ್ಮಿನ ಪಟ್ಟಿಗಳನ್ನು ತಂದು ಒಂದೊಂದಾಗಿ ಇಟ್ಟ.

ಎಲ್ಲವೂ ಗಟ್ಟಿಯಾದ, ಸೊಗಸಾದ ನೆಗೆಟಿವುಗಳು. ಒಂದು ಪಟ್ಟಿಯಲ್ಲಿ ಮಾತ್ರ ಒಂದು ಚೌಕ ಖಾಲಿ ಇದ್ದಂತೆ ಕಂಡಿತು.

"ಇದೇನು?"

"ಅದು ವೇಸ್ಟ್. ಫ್ಲ್ಯಾಶಿನ ಬಲ್ಬು ಉರಿಯಲಿಲ್ಲ. ಬೇರೆ ಬಲ್ಬು ಹಾಕಿ ಮತ್ತೆ ತೆಗೆದೆ, ನೋಡಿ, ಪಕ್ಕದ್ದು."

ಪಟ್ಟಿಯನ್ನು ಎತ್ತಿ ಒಂದು ಕಪ್ಪು ಕಾಗದದ ಮುಂದೆ ಓರೆಯಾಗಿ ಹಿಡಿದೆ. ಖಾಲಿ ಇರಲಿಲ್ಲ. ಫ್ಲ್ಯಾಶ್ ಕೈಕೊಟ್ಟಿದ್ದರಿಂದ ಕಿಟಕಿಯ ಬೆಳಕಷ್ಟೇ ಬಿದ್ದು, ಹೊಗೆಯಷ್ಟು ತೆಳ್ಳಗೆ ಚಿತ್ರ ಮೂಡಿತ್ತು. ಒಡೆದ ಮುಖದ ಮೇಲಿನ ಭಾಗ ಗುರುತು ಬಿಟ್ಟಿತ್ತು. ಕೆಳಗೆ ನಾಲಿಗೆಯ ಆಕಾರದಲ್ಲಿ ಏನೂ ಮೂಡದ ಜಾಗ. ಪ್ರಿಂಟ್ ಮಾಡಿದರೆ ಅಲ್ಲಿ ಕಪ್ಪು ಬರಬೇಕು.

ಅವನೂ ನೋಡಿದ. ಪಕ್ಕದ ಚೌಕದಲ್ಲಿ, ಬಲ್ಬು ಉರಿದ ಫೋಟೋದಲ್ಲಿ, ಅದೇ ನಾಲಿಗೆ ಉಳಿದ ಭಾಗಕ್ಕಿಂತ ಹೆಚ್ಚೇ ಗಟ್ಟಿಯಾಗಿತ್ತು, ಪ್ರಿಂಟಿನಲ್ಲಿ ಬಿಳುಪಾಗಿ ಬಂದದ್ದು ಅದಕ್ಕೇ. "ಎಣ್ಣೆ," ಎಂದ ಕೊನೆಗೆ. "ಜಿಡ್ಡು ಇತ್ತು ಅಲ್ಲಿ. ಫ್ಲ್ಯಾಶ್ ಎದುರಿನಿಂದ ಹೋಗಿ ಜಿಡ್ಡಿಗೆ ಬಡಿದು ಸೀದಾ ಲೆನ್ಸಿಗೆ ವಾಪಸ್ ಬಂದದ್ದು."

"ಮೊದಲ ನೋಡಿರಲಿಲ್ಲೇನು ಇದನ್ನ?"

"ಬಲ್ಬು ಉರಿಯದ ಫಿಲ್ಮನ್ನು ಯಾರು ನೋಡ್ತಾರೆ?" ಎಂದ. ಅವನು ಹೇಳಿದ್ದು ನಿಜವೇ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ನೆಗೆಟಿವ್ ತೀರ ತೆಳ್ಳಗಿತ್ತು. ಔಷಧದಲ್ಲಿ ಅದ್ದಿ ಅದನ್ನು ಗಟ್ಟಿಮಾಡಬಹುದು ಎಂದ. ನಾನು ಬೇಡವೆಂದೆ. ಒಮ್ಮೆ ಔಷಧ ಮುಟ್ಟಿತೆಂದರೆ ಅದು ಕೈಯಾಡಿಸಿದ ನೆಗೆಟಿವ್ ಆಗುತ್ತದೆ, ಮತ್ತೆ ಅದೇ ಮಾತು ಬರುತ್ತದೆ. ಕಪ್ಪು ಬಿಳುಪನ್ನು ಹೆಚ್ಚು ಎದ್ದು ತೋರಿಸುವ ಗಡಸು ಕಾಗದದ ಮೇಲೆ, ಸರ್ವೇಯರ್ ಎದುರಿಗೇ, ನೆಗೆಟಿವನ್ನು ಇದ್ದ ಹಾಗೆ ಇಟ್ಟು ಪ್ರಿಂಟ್ ಮಾಡೋಣವೆಂದೆ. ಅವನು ಪಟ್ಟಿಯನ್ನು ಬೆರಳುಗಳ ನಡುವೆ ತಿರುಗಿಸುತ್ತ ನಿಂತ. ಆ ಮಾಲೀಕರು ಅವನಿಗೆ ಖಾಯಂ ಗಿರಾಕಿ ಎಂದು ಗೋಡೆಯ ಮೇಲಿನ ಫೋಟೋಗಳೇ ಹೇಳುತ್ತಿದ್ದವು.

"ನಾಳೆ ಬನ್ನಿ," ಎಂದ.

ಪಟ್ಟಿ ಅವನ ಕೈಯಲ್ಲೇ ಉಳಿಯಿತು. ಹೊರಗೆ ಬಂದವನಿಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಎದುರಿಗಿದ್ದ ಉಡುಪಿ ಹೋಟೆಲಿನಲ್ಲಿ ಕಾಫಿ ಹೇಳಿ ಬಾಗಿಲ ಕಡೆ ಮುಖ ಮಾಡಿ ಕುಳಿತೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಮೋಟಾರು ಬಂದು ನಿಂತಿತು. ಇಳಿದವರು ವರ್ಕ್‌ಶಾಪಿನ ಮಾಲೀಕರು. ನಾನು ಬಂದ ಸುದ್ದಿಯನ್ನು ಮಂಗಳೂರಿನವನೇ ಮುಟ್ಟಿಸಿರಬೇಕು ಎಂದುಕೊಂಡೆ. ಅವರು ಹೊರಬಂದಾಗ ಕೈಯಲ್ಲಿ ಒಂದು ಕಂದು ಲಕೋಟೆ ಇತ್ತು. ಮೋಟಾರು ಹೊರಟುಹೋಯಿತು. ಎದ್ದು ಓಡಿಹೋಗಿ ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಹಿಡಿದು ಏನು ಮಾಡುವುದು? ಕಾಫಿ ಆರಿಹೋಗಿತ್ತು. ಎದ್ದು ವಿ.ಟಿ. ಸ್ಟೇಷನ್ನಿನ ಕಡೆ ನಡೆದೆ.

ಮರುದಿನ ಸರ್ವೇಯರನ್ನು ಕರೆದುಕೊಂಡೇ ಹೋದೆ. ನನ್ನ ಬೆಲ್ಲೋಸಿನ ದೋಷವನ್ನು ದಾರಿಯಲ್ಲಿ ಅವರಿಗೆ ಹೇಳಿದೆ. "ಇದನ್ನ ಮೊದಲ ಅವಗ ಹೇಳಿದ್ರ್ಯಾ, ನನಗ ಆಮ್ಯಾಲೆ?" ಎಂದರು.

ಮಂಗಳೂರಿನವನು ನಮ್ಮನ್ನು ನೋಡಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ.

"ನಿನ್ನೆ ಅವ್ರು ಬಂದಿದ್ರು. ನಾನು ನೋಡಿದೆ" ಎಂದೆ.

"ನೀವು ನೋಡಿದ್ದನ್ನು ನಾನೂ ನೋಡಿದೆ. ಅಲ್ಲಿ ಕೂತು ನನ್ನ ಬಾಗಿಲು ಕಾಯ್ತಾ ಇದ್ದದ್ದು ಕಾಣುದಿಲ್ವಾ? ನನ್ನನ್ನು ಎಂತ ಕಳ್ಳ ಅಂತ ಮಾಡಿದ್ದಾ?" ಎಂದ. "ಎಲ್ಲಾ ನೆಗೆಟಿವ್ ಕೊಡಿ ಅಂದ್ರು. ಕೊಟ್ಟೆ. ಒಂದು ಪಟ್ಟಿ ವೇಸ್ಟ್ ಬಂದಿತ್ತು, ಬಿಸಾಡಿದೆ ಅಂತ ಹೇಳಿದೆ." ಅಂಗಿಯ ಜೇಬಿನಿಂದ ತೆಳು ಕಾಗದದಲ್ಲಿ ಸುತ್ತಿದ ಪಟ್ಟಿ ತೆಗೆದ. ಎರಡೂ ಚೌಕ ಒಂದಕ್ಕೊಂದು ಅಂಟಿಕೊಂಡೇ ಇದ್ದವು.

ನಾನು ಏನಾದರೂ ಹೇಳಬೇಕಿತ್ತು. ಅದರ ಬದಲು ಡಾರ್ಕ್‌ರೂಮಿನ ಪರದೆ ಎತ್ತಿ ಹಿಡಿದೆ.

ಮೂವರೂ ಡಾರ್ಕ್‌ರೂಮಿಗೆ ಹೋದೆವು. ಕೆಂಪು ದೀಪದಲ್ಲಿ ಸರ್ವೇಯರ್ ಅವನ ಕೈಗಳಿಗೆ ಅಂಟಿಕೊಂಡ ಹಾಗೆ ನಿಂತರು. ಹೊಸ ಕಾಗದದ ಕಟ್ಟನ್ನು ತಮ್ಮ ಮುಂದೆಯೇ ಒಡೆಸಿದರು. ಮೊದಲ ಪ್ರಿಂಟು ಪೂರಾ ಕಪ್ಪಾಯಿತು. ಎರಡನೆಯದು ಬೂದಿ ಬಡಿದ ಹಾಗೆ. ಬೆಳಕು ಬಿಡುವ ಹೊತ್ತನ್ನು ಹೆಚ್ಚುಕಡಿಮೆ ಮಾಡಿ ಮತ್ತೊಂದನ್ನು ಟ್ರೇಯಲ್ಲಿ ಮುಳುಗಿಸಿ ಅಲುಗಿಸಿದ. ಮೊದಲು ಬೆಂಚಿನ ಅಂಚು ಬಂತು, ಆಮೇಲೆ ಚಕ್ರದ ಅಂಚು, ಆಮೇಲೆ ಆ ನಾಲಿಗೆ. ಚಿತ್ರದ ಕೆಳ ಅಂಚಿನಲ್ಲಿ ನೆರಳಿರಲಿಲ್ಲ. ನನ್ನ ಬೆಲ್ಲೋಸಿನದು ನೇರ ಗೆರೆಯ ನೆರಳು. ಇದರ ಅಂಚು ಡೊಂಕುಡೊಂಕಾಗಿ, ಕಬ್ಬಿಣದ ಕಣಗಳ ನಡುವೆ ದಾರಿ ಮಾಡಿಕೊಂಡು ಹೋಗಿತ್ತು. ಪ್ರಿಂಟು ಒರಟಾಗಿತ್ತು, ಫೋಟೋ ಎಂದು ಗೋಡೆಗೆ ಹಾಕುವಂಥದ್ದಲ್ಲ. ಅದನ್ನು ತೆಗೆದದ್ದು ಅವನೂ ಅಲ್ಲ, ನಾನೂ ಅಲ್ಲ ಅನ್ನಿಸಿತು. ಅವನ ಯಂತ್ರ ಕೈಕೊಟ್ಟಿತ್ತು, ಕಿಟಕಿಯ ಬೆಳಕನ್ನು ಹುಡುಕಿಕೊಂಡು ಅವನು ಹೋಗಿರಲೂ ಇಲ್ಲ.

ಸರ್ವೇಯರ್ ಒದ್ದೆ ಕಾಗದದ ಮೇಲೆ ಬೆರಳಿಟ್ಟರು. "ಎಣ್ಣಿ ಕುಡದ ಕಬ್ಬಿಣ" ಎಂದರು. ಅವರು ನಮ್ಮಿಬ್ಬರ ಮುಖವನ್ನೂ ನೋಡದೆ ಮಾತಾಡಿದ್ದು ಅದೇ ಮೊದಲು.

ಆಮೇಲಿನದು ಬೇಗ ನಡೆಯಿತು. ಎರಡೂ ಚೌಕಗಳ ಪ್ರಿಂಟುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಮಾಲೀಕರು ಜಗಳಕ್ಕೆ ನಿಲ್ಲಲಿಲ್ಲ. ತಮ್ಮದೇ ಫೋಟೋಗ್ರಾಫರನ ಫಿಲ್ಮು, ಹಳೇ ಡಬ್ಬಿಯ ಮಾತು ಆಡುವ ಹಾಗಿರಲಿಲ್ಲ. ಸರ್ವೇಯರ್ ಪಟ್ಟು ಹಿಡಿದು ಶಾಫ್ಟ್ ನಿಲ್ಲಿಸಿ ಜೋಡಿ ಚಕ್ರವನ್ನು ಕೆಳಗಿಳಿಸಿದರು. ಇಳಿಸಿ, ಹಗ್ಗಕ್ಕೆ ತೂಗುಹಾಕಿ ಸುತ್ತಿಗೆಯಿಂದ ತಟ್ಟಿದಾಗ ಗಂಟೆಯ ಹಾಗೆ ನಾದ ಬರಲಿಲ್ಲ, ಒಡಕು ಮಡಕೆಯ ಸದ್ದು ಬಂತು. ಅದರ ಕೆಳಗೆ ನಿಂತು ಬೋಲ್ಟು ಕೊರೆಯುತ್ತಿದ್ದವನು ದೂರ ಸರಿದು ಒಂದು ಪೀಪಾಯಿಯ ಮೇಲೆ ಕುಳಿತುಬಿಟ್ಟ. ಮಂಗಳೂರಿನವನಿಗೆ ಆ ಮಾಲೀಕರ ಕೆಲಸ ಮತ್ತೆ ಸಿಗಲಿಲ್ಲ. ನಾವು ಮುಂದೆ ಎಲ್ಲಾದರೂ ಭೇಟಿಯಾದಾಗ ನಮಸ್ಕಾರ ಹೇಳುತ್ತಿದ್ದೆವು, ಸ್ನೇಹಿತರೇನೂ ಆಗಲಿಲ್ಲ.

ಪ್ರಿಂಟಿನ ಒಂದು ಪ್ರತಿಯನ್ನು ತೆಗೆದುಕೊಂಡು ನಾನು ಚಾಳಿಗೆ ಹೋದೆ. ವಿಜಯಪುರದವನು ಇನ್ನೂ ಹಾಗೇ ಗೋಡೆಗೆ ಒರಗಿ ಕುಳಿತಿದ್ದ. ಫೋಟೋವನ್ನು ಅವನ ಒಳ್ಳೆಯ ಕೈಗೆ ಕೊಟ್ಟೆ. ಅವನು ತಿರುಗಿಸಿ ತಿರುಗಿಸಿ ನೋಡಿದ.

"ಏನದರೀ ಇದು? ಕಲ್ಲ ಇದ್ದಂಗ ಕಾಣತದ."

ಕಪ್ಪು ಭಾಗದ ಸುತ್ತ ಬೆರಳು ಆಡಿಸಿ ತೋರಿಸಿದೆ. ಇಷ್ಟು ಬಿರುಕು ಎಷ್ಟೋ ದಿನ ಮೊದಲೇ ಬಿಟ್ಟಿತ್ತು, ಅವತ್ತು ಒಡೆದದ್ದು ಉಳಿದ ಬಿಳಿ ಭಾಗ ಮಾತ್ರ, ರಾಡ್ ಕೊಡದಿದ್ದರೂ ಅದು ಹೋಗುತ್ತಿತ್ತು ಎಂದು ಬಿಡಿಸಿ ಹೇಳಿದೆ. ಅವನು ಫೋಟೋದಿಂದ ಕಣ್ಣು ತೆಗೆಯಲಿಲ್ಲ. ನಾನು, ಸರ್ವೇಯರ್, ಕೋಟೆಯವನು, ಮಾಲೀಕರು ಒಬ್ಬರನ್ನೊಬ್ಬರು ನಂಬದೆ ಓಡಾಡಿದ ಅಷ್ಟೂ ದಿನ ಈ ಮನುಷ್ಯ ಇಲ್ಲಿ ಕುಳಿತು ಯಾರನ್ನು ಅನುಮಾನಿಸುತ್ತಿದ್ದ ಎಂದು ನನಗೆ ಹೊಳೆದದ್ದು, ಅವನು ತಲೆ ಎತ್ತಿ ಕೇಳಿದಾಗ.

"ಹಂಗಾರ ಅದನ್ನ ನಾ ಒಡೀಲಿಲ್ಲೇನ್ರೀ?"